ಜಿಪ್ಸಿ ಮಾತ್ ಹೋಗಿ ಸ್ಪಾಂಜಿ ಮಾತ್ ಬಂತು: ಇನ್ನು ಯಾವ ಹೆಸರು ಬರೆಯಬೇಕು?

ಪ್ರಶ್ನೆ: ಮಗಳು ಬಿ.ಎಸ್ಸಿ. ಕೃಷಿ ಓದುತ್ತಿದ್ದಾಳೆ. ಅವಳ ಕೀಟಶಾಸ್ತ್ರದ ಪುಸ್ತಕದಲ್ಲಿ ‘ಜಿಪ್ಸಿ ಮಾತ್’ ಎಂದಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿರುವ ನನ್ನ ತಮ್ಮ ತನ್ನ ಹಿತ್ತಲಿನ ಓಕ್ ಮರಕ್ಕೆ ಹತ್ತಿದ ಕಂಬಳಿಹುಳುವಿನ ಫೋಟೊ ಕಳಿಸಿ ಇದು ‘ಸ್ಪಾಂಜಿ ಮಾತ್’ ಎನ್ನುತ್ತಾನೆ. ನೋಡಲು ಎರಡೂ ಒಂದೇ. ಜನಾಂಗದ ಹೆಸರು ಬೇಡವೆಂದು ಬದಲಾಯಿಸಿದರಂತೆ. ಒಂದು ಹುಳುವಿನ ಹೆಸರಿಗೆ ಇಷ್ಟೊಂದು ಗಲಾಟೆ ಬೇಕಿತ್ತೇ? ಬದಲಾಯಿಸುವ ಅಧಿಕಾರ ಯಾರಿಗಿದೆ? ಹಳೆಯ ಪುಸ್ತಕ, ವರದಿಗಳ ಗತಿ ಏನು? ಮಗಳು ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು, ಕನ್ನಡದಲ್ಲಿ ಏನೆನ್ನಬೇಕು?

ಉತ್ತರ: ಎರಡೂ ಒಂದೇ ಕೀಟ. ವೈಜ್ಞಾನಿಕ ಹೆಸರು ಲೈಮ್ಯಾಂಟ್ರಿಯಾ ಡಿಸ್ಪಾರ್. ಹೆಸರಿನ ಎರಡನೆಯ ಪದವನ್ನು ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲೇ ಕೊಟ್ಟಿದ್ದ. ಒಂದಕ್ಕೊಂದು ಹೋಲದ್ದು ಎಂದು ಅದರ ಅರ್ಥ, ಗಂಡು ಹೆಣ್ಣುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಹಾಗೆ ಕರೆದದ್ದೇಕೆ ಎಂದು ತಿಳಿಯುತ್ತದೆ. ಗಂಡು ಕಂದು ಬಣ್ಣದ್ದು, ಗರಿಯಂಥ ಕುಡಿಮೀಸೆಯದು, ಹಗಲಲ್ಲೇ ಅಂಕುಡೊಂಕಾಗಿ ಹಾರಾಡುತ್ತದೆ. ಹೆಣ್ಣು ಅದಕ್ಕಿಂತ ದೊಡ್ಡದು, ಬಿಳಿ ರೆಕ್ಕೆಯ ಮೇಲೆ ಕಪ್ಪು ಗೆರೆಗಳು. ಅಮೆರಿಕದಲ್ಲಿ ನೆಲೆಸಿರುವ ಯುರೋಪ್ ಮೂಲದ ತಳಿಯ ಹೆಣ್ಣಿಗೆ ರೆಕ್ಕೆ ಇದ್ದರೂ ಅದು ಹಾರುವುದಿಲ್ಲ. ಕೋಶದಿಂದ ಹೊರಬಂದ ಜಾಗದ ಹತ್ತಿರವೇ ಕುಳಿತು, ಗಂಡನ್ನು ವಾಸನೆಯಿಂದ ಕರೆದು, ಅಲ್ಲೇ ಮೊಟ್ಟೆ ಇಟ್ಟು ಸಾಯುತ್ತದೆ.

ಬದಲಾದದ್ದು ಇಂಗ್ಲಿಷಿನ ಬಳಕೆಯ ಹೆಸರು ಮಾತ್ರ. ಅಮೆರಿಕದ ಎಂಟಮಲಾಜಿಕಲ್ ಸೊಸೈಟಿ, ಅಂದರೆ ಕೀಟವಿಜ್ಞಾನಿಗಳ ಸಂಘ, 2021ರ ಜುಲೈನಲ್ಲಿ ‘ಜಿಪ್ಸಿ ಮಾತ್’ ಎಂಬುದನ್ನು ತನ್ನ ಅಧಿಕೃತ ಪಟ್ಟಿಯಿಂದ ತೆಗೆದುಹಾಕಿತು. ಅದರ ಜೊತೆಗೇ ‘ಜಿಪ್ಸಿ ಇರುವೆ’ ಎಂಬ ಹೆಸರೂ ಹೋಯಿತು. ‘ಸ್ಪಾಂಜಿ ಮಾತ್’ ಎಂಬ ಹೊಸ ಹೆಸರಿಗೆ ಒಪ್ಪಿಗೆ ಸಿಕ್ಕದ್ದು 2022ರ ಮಾರ್ಚ್‌ನಲ್ಲಿ. ನಡುವಿನ ಸುಮಾರು ಎಂಟು ತಿಂಗಳು ಈ ಪೀಡೆಗೆ ಅಧಿಕೃತ ಬಳಕೆಯ ಹೆಸರೇ ಇರಲಿಲ್ಲ, ವೈಜ್ಞಾನಿಕ ಹೆಸರಿನಲ್ಲೇ ಕೆಲಸ ಸಾಗಿತು. ಜಗತ್ತೇನೂ ಮುಳುಗಲಿಲ್ಲ.

ಅಧಿಕಾರದ ಪ್ರಶ್ನೆಗೆ ಬರೋಣ, ಹೆಚ್ಚಿನವರು ಎಡವುವುದು ಇಲ್ಲೇ. ಪ್ರಾಣಿಗಳ ವೈಜ್ಞಾನಿಕ ಹೆಸರುಗಳಿಗೆ ಒಂದು ಅಂತರರಾಷ್ಟ್ರೀಯ ಆಯೋಗವಿದೆ, ಅದರ ನಿಯಮಾವಳಿ ಇದೆ. ಬಳಕೆಯ ಹೆಸರುಗಳಿಗೆ ಅಂಥ ಯಾವ ಜಾಗತಿಕ ಕಾನೂನೂ ಇಲ್ಲ. ಆ ಆಯೋಗ ಇವುಗಳ ಗೊಡವೆಗೇ ಬರುವುದಿಲ್ಲ. ಅಮೆರಿಕದ ಸೊಸೈಟಿ ತನ್ನದೊಂದು ಪಟ್ಟಿ ಇಟ್ಟುಕೊಂಡಿದೆ. ಅದರ ಸಂಶೋಧನಾ ಪತ್ರಿಕೆಗಳು ಆ ಪಟ್ಟಿಯಂತೆ ನಡೆಯುತ್ತವೆ, ಅಲ್ಲಿನ ಕೃಷಿ ಇಲಾಖೆ, ಅರಣ್ಯ ಇಲಾಖೆ, ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಅದನ್ನೇ ಅನುಸರಿಸುತ್ತವೆ. ಕೆನಡಾವೂ ಹೊಸ ಹೆಸರನ್ನು ಒಪ್ಪಿಕೊಂಡಿತು. ಬ್ರಿಟನ್ನಿನಲ್ಲಿ ಹಳೆಯ ಹೆಸರು ಇನ್ನೂ ಬಳಕೆಯಲ್ಲಿದೆ, ಅದಕ್ಕಾಗಿ ಯಾರೂ ಯಾರ ಮೇಲೂ ಕೇಸು ಹಾಕಲಾರರು. ಹಾಗಾಗಿ ಜಾರಿಯಾಗಿರುವುದು ಆಜ್ಞೆಯಲ್ಲ, ಒಂದು ದೊಡ್ಡ ಸಂಸ್ಥೆಯ ಶಿಫಾರಸು. ಅದರ ಬಲವೆಲ್ಲ ಎಷ್ಟು ಜನ ಕೇಳುತ್ತಾರೆ ಎಂಬುದರಲ್ಲಿದೆ.

ಈ ಪಟ್ಟಿಗೆ ಹೆಸರು ಸೇರುವ ಕ್ರಮವೂ ಸರಳ. ಯಾರು ಬೇಕಾದರೂ ಪ್ರಸ್ತಾವ ಕಳಿಸಬಹುದು. ಅದರಲ್ಲಿ ಕೀಟದ ವೈಜ್ಞಾನಿಕ ಹೆಸರು, ಗಣ, ಕುಟುಂಬ, ಈಗ ಚಾಲ್ತಿಯಲ್ಲಿರುವ ಬೇರೆ ಹೆಸರುಗಳು, ಹೊಸ ಹೆಸರು ಏಕೆ ಬೇಕು ಎಂಬ ಸಮರ್ಥನೆ ಇರಬೇಕು. ಹೆಸರುಗಳ ಸಮಿತಿ ಪರಿಶೀಲಿಸುತ್ತದೆ, ಸದಸ್ಯರ ಅಭಿಪ್ರಾಯ ಕೇಳುತ್ತಾರೆ, ಕೊನೆಗೆ ಆಡಳಿತ ಮಂಡಳಿ ಮತ ಹಾಕುತ್ತದೆ. ಪದಗಳ ನಡುವಿನ ಅಂತರಕ್ಕೂ ನಿಯಮವಿದೆ. ನಿಜವಾದ ನೊಣವಾದರೆ ‘ಹೌಸ್ ಫ್ಲೈ’ ಎಂದು ಎರಡು ಪದ ಬಿಡಿಸಿ ಬರೆಯಬೇಕು. ನೊಣವಲ್ಲದ ಏರೋಪ್ಲೇನ್ ಚಿಟ್ಟೆಯನ್ನು ‘ಡ್ರಾಗನ್‌ಫ್ಲೈ’ ಎಂದು ಕೂಡಿಸಿ ಬರೆಯಬೇಕು. ಮಗಳಿಗೆ ಇದು ಪರೀಕ್ಷೆಯಲ್ಲಿ ಉಪಯೋಗಕ್ಕೆ ಬಂದೀತು. ಇಂಗ್ಲಿಷಿನಲ್ಲಿ ಕೀಟದ ಹೆಸರು ಬರೆಯುವಾಗ ಬಹುತೇಕರು ತಪ್ಪುವ ಜಾಗವಿದು.

2021ರಲ್ಲಿ ಈ ನಿಯಮಗಳಿಗೆ ಹೊಸದಾಗಿ ಸೇರಿದ್ದು ಇಷ್ಟು: ಜನಾಂಗ, ಬುಡಕಟ್ಟು, ವರ್ಣವನ್ನು ಸೂಚಿಸುವ ಹೆಸರು ಕೂಡದು. ಭಯ ಹುಟ್ಟಿಸುವ ಹೆಸರು ಕೂಡದು. ಊರು, ದೇಶ, ಖಂಡದ ಹೆಸರನ್ನು, ಅದರಲ್ಲೂ ಹೊರಗಿನಿಂದ ಬಂದು ಹಾವಳಿ ಮಾಡುವ ಕೀಟಕ್ಕೆ, ಆದಷ್ಟು ಇಡಬಾರದು. ಮೊದಲಿನ ಎರಡು ನಿಷೇಧ, ಮೂರನೆಯದು ಸಲಹೆ. ಚರ್ಚೆಯಲ್ಲಿ ಈ ಮೂರನ್ನೂ ಒಂದೇ ಮಾಡಿ ಮಾತಾಡುವುದರಿಂದಲೇ ಅರ್ಧ ಗೊಂದಲ.

ಇನ್ನು ಬೇಕಿತ್ತೇ ಎಂಬ ಪ್ರಶ್ನೆ.

‘ಜಿಪ್ಸಿ’ ಎಂಬುದು ಯುರೋಪಿನ ರೋಮಾ ಜನರಿಗೆ ಹೊರಗಿನವರು ಅಂಟಿಸಿದ ಹೆಸರು. ಈಜಿಪ್ಟಿನಿಂದ ಬಂದವರೆಂಬ ತಪ್ಪು ತಿಳಿವಳಿಕೆಯಿಂದ ಹುಟ್ಟಿದ್ದು. ಅವರ ಪೂರ್ವಿಕರು ಹೊರಟದ್ದು ವಾಯವ್ಯ ಭಾರತದಿಂದ. ರೋಮಾನಿ ಭಾಷೆಯಲ್ಲಿ ನೀರಿಗೆ ಇಂದಿಗೂ ‘ಪಾನಿ’, ಆಳಿಗೆ ‘ಮನುಷ್’. ಇಂದಿನ ರುಮೇನಿಯಾದ ಭಾಗವಾಗಿರುವ ವಲಾಕಿಯಾ, ಮೊಲ್ಡಾವಿಯಾಗಳಲ್ಲಿ ಅವರು ಶತಮಾನಗಳ ಕಾಲ ಗುಲಾಮರಾಗಿದ್ದರು, ಬಿಡುಗಡೆ ಪೂರ್ತಿಯಾದದ್ದು 1856ರಲ್ಲಿ. ನಾಜಿಗಳು ಯಹೂದಿಗಳ ಜೊತೆಗೇ ಇವರನ್ನೂ ಲಕ್ಷಗಟ್ಟಲೆ ಕೊಂದರು. ಪತಂಗಕ್ಕೆ ಈ ಹೆಸರು ಏಕೆ ಬಂತೆಂಬುದಕ್ಕೆ ಎರಡು ವಿವರಣೆಗಳು ಚಾಲ್ತಿಯಲ್ಲಿವೆ. ಗಂಡಿನ ಕಂದು ಬಣ್ಣ ಒಂದು, ಮರಿಹುಳುಗಳು ನೂಲು ಹಿಡಿದು ಗಾಳಿಯಲ್ಲಿ ತೇಲಿ ಊರೂರು ಅಲೆಯುವುದು ಇನ್ನೊಂದು. ಯಾವುದು ನಿಜವಾದರೂ ಹೋಲಿಕೆ ನಿಂತಿರುವುದು ಜನರ ಮೈಬಣ್ಣದ ಮೇಲೆ, ಇಲ್ಲವೇ ಅಲೆಮಾರಿಗಳೆಂಬ ಹಣೆಪಟ್ಟಿಯ ಮೇಲೆ.

ಇದು ಯಾವುದೋ ಚಂದದ ಚಿಟ್ಟೆಯ ಹೆಸರಾಗಿದ್ದರೆ ವಾದ ಇಷ್ಟು ಬಿಗಿಯಾಗುತ್ತಿರಲಿಲ್ಲ. ಪೀಡೆಯ ಹೆಸರಾದ್ದರಿಂದ ಅದರ ಪಕ್ಕದಲ್ಲಿ ಬರುವ ಪದಗಳನ್ನು ನೋಡಬೇಕು: ನಿರ್ಮೂಲನೆ, ಹಾವಳಿ, ಆಕ್ರಮಣ, ವಿಷ ಸಿಂಪಡಣೆ, ಕೊಲ್ಲುವ ವಿಧಾನ. ಮ್ಯಾಸಚೂಸೆಟ್ಸ್ ಸರ್ಕಾರ 1890ರಲ್ಲಿ ನಿರ್ಮೂಲನೆಗೆ ಕೈಹಾಕಿದಾಗಿನಿಂದ ಈ ಪದಜೋಡಣೆ ಸರ್ಕಾರಿ ಫಲಕ, ಪತ್ರಿಕೆಯ ತಲೆಬರಹ, ಶಾಲೆಯ ಪಾಠಗಳಲ್ಲಿ ನಡೆದುಬಂದಿದೆ. ತಲೆಬರಹದಲ್ಲಿ ಜಾಗ ಸಾಲದೆ ‘ಮಾತ್’ ಬಿಟ್ಟುಹೋದರೆ ಉಳಿಯುವುದೇನು ಎಂದು ಯೋಚಿಸಿ. ನಮ್ಮಲ್ಲಿ ಯಾವುದೋ ಜಾತಿಯ ಹೆಸರು ಹೊತ್ತ ಹುಳುವಿಗೆ ಕೃಷಿ ಇಲಾಖೆ ‘ನಿರ್ಮೂಲನಾ ಸಪ್ತಾಹ’ ಮಾಡಿದರೆ ನಾವು ಅದನ್ನು ಬರಿಯ ಕೀಟಶಾಸ್ತ್ರ ಎನ್ನುತ್ತಿದ್ದೆವೇ?

ವಿರೋಧದ ಮಾತುಗಳಲ್ಲಿ ಕೆಲವಕ್ಕೆ ತೂಕವಿದೆ, ಕೆಲವಕ್ಕಿಲ್ಲ. ರೋಮಾ ಜನರಲ್ಲೇ ಕೆಲವರು, ಮುಖ್ಯವಾಗಿ ಬ್ರಿಟನ್ನಿನಲ್ಲಿ, ತಮ್ಮನ್ನು ಜಿಪ್ಸಿಗಳೆಂದೇ ಹೆಮ್ಮೆಯಿಂದ ಕರೆದುಕೊಳ್ಳುತ್ತಾರೆ, ಅಲ್ಲಿನ ಸರ್ಕಾರಿ ಕಾಗದಗಳಲ್ಲೂ ಆ ಪದವಿದೆ. ಇದು ನಿಜ. ಆದರೆ ಜನ ತಮಗೆ ತಾವು ಇಟ್ಟುಕೊಂಡ ಹೆಸರನ್ನು ಪೀಡೆಗೂ ಇಡಬಹುದು ಎಂದು ಅದರಿಂದ ತೀರ್ಮಾನಿಸಲಾಗದು, ತೊಂದರೆ ಇನ್ನೂ ಹೆಚ್ಚುತ್ತದೆ ಅಷ್ಟೆ. ‘ಇದಕ್ಕೆ ಕೊನೆ ಎಲ್ಲಿ’ ಎಂಬುದು ಎರಡನೆಯ ಮಾತು. ಇದಕ್ಕೆ ಹಳೆಯ ಉದಾಹರಣೆಗಳಿವೆ. ಅಮೆರಿಕದಲ್ಲಿ ‘ಜ್ಯೂಫಿಶ್’ ಎಂಬ ಮೀನು 2001ರಲ್ಲಿ ‘ಗೋಲಿಯಾತ್ ಗ್ರೂಪರ್’ ಆಯಿತು. ಮೂಲನಿವಾಸಿ ಹೆಂಗಸರನ್ನು ಹೀನಾಯವಾಗಿ ಕರೆಯುವ ಪದವಿದ್ದ ಒಂದು ಬಾತುಕೋಳಿಯ ಹೆಸರನ್ನು 2000ದಲ್ಲಿ ‘ಉದ್ದಬಾಲದ ಬಾತು’ ಎಂಬರ್ಥದ ಹೆಸರಿಗೆ ಬದಲಾಯಿಸಿದರು. ಆ ಬದಲಾವಣೆಗಳಿಂದ ಮೀನುಗಾರಿಕೆಯೂ ನಿಲ್ಲಲಿಲ್ಲ, ಪಕ್ಷಿವೀಕ್ಷಣೆಯೂ ನಿಲ್ಲಲಿಲ್ಲ.

ಮೂರನೆಯ ಆಕ್ಷೇಪ ಗಟ್ಟಿಯಾದದ್ದು: ನೂರಕ್ಕೂ ಹೆಚ್ಚು ವರ್ಷದ ಸಾಹಿತ್ಯ, ಕಾನೂನು, ಕ್ವಾರಂಟೈನ್ ಕಾಗದಪತ್ರ ಎಲ್ಲ ಹಳೆಯ ಹೆಸರಿನಲ್ಲಿವೆ, ಜನ ಗುರುತಿಸುವುದೂ ಆ ಹೆಸರನ್ನೇ. ಒಂದು ಆಕ್ರಮಣಕಾರಿ ಕೀಟದ ಹೊಸ ನೆಲೆ ಗೊತ್ತಾಗುವುದು ಬಹಳ ಸಲ ಸಾಮಾನ್ಯ ಜನ ಫೋನು ಮಾಡಿ ತಿಳಿಸಿದಾಗಲೇ. ಹೆಸರು ಮರೆತುಹೋದರೆ ಆ ಫೋನು ಬರುವುದಿಲ್ಲ. ಈ ಆಕ್ಷೇಪಕ್ಕೆ ಉತ್ತರ ಹೇಳಬೇಕಾದದ್ದು ಹೊಸ ಹೆಸರು. ಹಳೆಯದು ಕೆಟ್ಟದ್ದು ಎಂದಷ್ಟಕ್ಕೇ ಹೊಸದು ಒಳ್ಳೆಯದಾಗಿಬಿಡುವುದಿಲ್ಲ, ಮರದ ಬುಡದಲ್ಲಿ ನಿಂತವನಿಗೆ ಅದು ಕೆಲಸಕ್ಕೆ ಬರಬೇಕು. ಈ ಪರೀಕ್ಷೆಯಲ್ಲಿ ‘ಸ್ಪಾಂಜಿ’ ಪಾಸಾಗಿದೆ ಎಂಬುದು ನಮ್ಮ ಅಭಿಪ್ರಾಯ.

ಹೆಸರು ಆರಿಸುವಾಗ ಐವತ್ತಕ್ಕೂ ಹೆಚ್ಚು ವಿಜ್ಞಾನಿಗಳು, ಅರಣ್ಯ ಅಧಿಕಾರಿಗಳ ಗುಂಪು ಇನ್ನೂರಕ್ಕೂ ಹೆಚ್ಚು ಸಲಹೆಗಳನ್ನು ಜರಡಿ ಹಿಡಿಯಿತು. ಕೊನೆಗೆ ಉಳಿದದ್ದು ಹೊಸದಾಗಿ ಹುಟ್ಟಿಸಿದ ಹೆಸರೇ ಅಲ್ಲ. ಫ್ರೆಂಚರು, ಕೆನಡಾದ ಕ್ವಿಬೆಕ್‌ನವರು ಮೊದಲಿನಿಂದಲೂ ಇದನ್ನು ‘ಸ್ಪೋಂಜ್ಯೂಸ್’ ಎನ್ನುತ್ತಿದ್ದರು. ಜರ್ಮನರ ‘ಶ್ವಾಮ್‌ಸ್ಪಿನ್ನರ್’ ಹೆಸರಿನಲ್ಲೂ ಇರುವುದು ಸ್ಪಾಂಜೇ. ಪತಂಗ ಸ್ಪಾಂಜಿನಂತಿಲ್ಲ, ಆದ್ದರಿಂದ ಹೆಸರು ತಪ್ಪು ಎನ್ನುವವರಿದ್ದಾರೆ. ಸ್ಪಾಂಜಿನಂತಿರುವುದು ಮೊಟ್ಟೆಗುಪ್ಪೆ. ಹೆಣ್ಣು ತನ್ನ ಹೊಟ್ಟೆಯ ತುದಿಯ ಕೂದಲನ್ನೇ ಉದುರಿಸಿ ಮೊಟ್ಟೆಗಳ ಮೇಲೆ ಹೊದಿಸುತ್ತದೆ. ಸುಮಾರು ನಾಲ್ಕು ಸೆಂಟಿಮೀಟರ್ ಉದ್ದ, ಎರಡು ಸೆಂಟಿಮೀಟರ್ ಅಗಲದ, ಒಣಗಿದ ಮಣ್ಣಿನ ಬಣ್ಣದ ಮೆತ್ತನೆಯ ಪಟ್ಟಿ. ಒಂದೊಂದರಲ್ಲಿ ಐನೂರರಿಂದ ಸಾವಿರದವರೆಗೆ ಮೊಟ್ಟೆ ಇರಬಹುದು. ಜುಲೈ, ಆಗಸ್ಟ್‌ನಲ್ಲಿ ಇಟ್ಟದ್ದು ಒಡೆಯುವುದು ಮುಂದಿನ ಏಪ್ರಿಲ್, ಮೇ ತಿಂಗಳಲ್ಲಿ. ಅಂದರೆ ವರ್ಷದ ಎಂಟು ಒಂಬತ್ತು ತಿಂಗಳು ಈ ಕೀಟ ನಮಗೆ ಸಿಗುವುದು ಆ ಸ್ಪಾಂಜಿನ ರೂಪದಲ್ಲೇ. ಅದು ಊರಿಂದೂರಿಗೆ ಹೋಗುವುದೂ ಹೀಗೆ: ಸೌದೆ, ಹಿತ್ತಲ ಕುರ್ಚಿ, ಟ್ರೇಲರ್, ಕಾರಿನ ಚಕ್ರದ ಮೇಲಿನ ಕಮಾನಿಗೆ ಅಂಟಿಕೊಂಡು. ಕೈಯಿಂದ ಸುಲಭವಾಗಿ ನಾಶ ಮಾಡಬಹುದಾದ ಹಂತವೂ ಅದೇ. ಹುಡುಕಬೇಕಾದದ್ದನ್ನೇ ಹೇಳುವ ಹೆಸರು ಸಿಕ್ಕಿರುವಾಗ ಪತಂಗ ಮೆತ್ತಗಿದೆಯೋ ಇಲ್ಲವೋ ಎಂಬ ತಕರಾರು ನಿಲ್ಲುವುದಿಲ್ಲ.

ನಿಮ್ಮ ತಮ್ಮನಿಗೆ ಬೇಕಾದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇವೆ. ಮೊದಲು ಗುರುತು: ಬಲಿತ ಹುಳುವಿನ ಬೆನ್ನ ಮೇಲೆ ತಲೆಯ ಕಡೆಯಿಂದ ಐದು ಜೋಡಿ ನೀಲಿ ಚುಕ್ಕೆ, ಆಮೇಲೆ ಆರು ಜೋಡಿ ಕೆಂಪು ಚುಕ್ಕೆ. ಮರದ ಕವಲಿನಲ್ಲಿ ಬಲೆಯ ಗೂಡು ಕಟ್ಟಿದ್ದರೆ ಅದು ಬೇರೆ ಹುಳು, ಇದು ಗೂಡು ಕಟ್ಟುವುದಿಲ್ಲ. ಚಳಿಗಾಲದಲ್ಲಿ ಮೊಟ್ಟೆಗುಪ್ಪೆಗಳನ್ನು ಚಾಕು ಅಥವಾ ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದು, ಕೆಳಗೆ ಹಿಡಿದ ಡಬ್ಬಿಗೇ ಬೀಳಿಸಿ, ಸೋಪಿನ ನೀರಿನಲ್ಲಿ ಎರಡು ದಿನ ನೆನೆಸಿ ಆಮೇಲೆ ಕಸಕ್ಕೆ ಹಾಕಬೇಕು. ನೆಲಕ್ಕೆ ಕೆರೆದು ಬಿಟ್ಟರೆ ಉಪಯೋಗವಿಲ್ಲ, ಅಲ್ಲಿಯೇ ಮರಿಯಾಗುತ್ತವೆ. ಕೂದಲಿನಿಂದ ತುರಿಕೆ ಬರುವುದರಿಂದ ಕೈಗವಸು ಬೇಕು. ಮೇ ಕೊನೆಯ ಹೊತ್ತಿಗೆ ಕಾಂಡದ ಸುತ್ತ ಗೋಣಿಬಟ್ಟೆ ಸುತ್ತಿ, ನಡುವೆ ಹಗ್ಗ ಕಟ್ಟಿ, ಮೇಲಿನ ಅರ್ಧವನ್ನು ಕೆಳಕ್ಕೆ ಮಡಚಿ ಇಳಿಬಿಟ್ಟರೆ, ದೊಡ್ಡ ಹುಳುಗಳು ಹಗಲಲ್ಲಿ ಆ ನೆರಳಿಗೆ ಬಂದು ಸೇರುತ್ತವೆ. ಮಧ್ಯಾಹ್ನದ ಮೇಲೆ ಆರಿಸಿ ಸೋಪಿನ ನೀರಿಗೆ ಹಾಕಬಹುದು. ದಿನಾ ನೋಡಬೇಕು, ಕಟ್ಟಿ ಮರೆತರೆ ಹುಳುವಿಗೆ ಮನೆ ಮಾಡಿಕೊಟ್ಟಂತೆ. ಬಿ.ಟಿ. ಎಂಬ ಬ್ಯಾಕ್ಟೀರಿಯಾ ಮೂಲದ ಕೀಟನಾಶಕದ ಸಿಂಪಡಣೆ ಕೆಲಸ ಮಾಡುವುದು ಮರಿಹುಳುಗಳ ಮೇಲೆ, ಎಲೆ ಅರ್ಧ ಬಿಚ್ಚಿದ ಹೊತ್ತಿನಲ್ಲಿ. ಬೆರಳುದ್ದದ ಹುಳುವಿಗೆ ಸಿಂಪಡಿಸಿದರೆ ದುಡ್ಡು ದಂಡ.

ಸತ್ತ ಹುಳುಗಳು ಕಂಡರೆ ತೆಗೆಯಬಾರದು. ತಲೆ ಕೆಳಗಾಗಿ ನೆಟ್ಟಗೆ ಜೋತಿದ್ದರೆ ಎಂಟಮೊಫಾಗಾ ಮೈಮೈಗಾ ಎಂಬ ಶಿಲೀಂಧ್ರದ ಕೆಲಸ, ತಲೆಕೆಳಗಾದ ‘ವಿ’ ಆಕಾರದಲ್ಲಿ ಜೋತಿದ್ದರೆ ವೈರಸ್ಸಿನದು. ಎರಡೂ ಉಳಿದ ಹುಳುಗಳಿಗೆ ಹರಡುತ್ತವೆ, ಅದೇ ನಮಗೆ ಬೇಕಾದದ್ದು. ಎಲೆ ಪೂರ್ತಿ ಹೋದರೂ ಆರೋಗ್ಯವಾಗಿರುವ ಓಕ್ ಮತ್ತೆ ಚಿಗುರುತ್ತದೆ. ಎರಡು ಮೂರು ವರ್ಷ ಸತತವಾಗಿ ಬೋಳಾದರೆ ಅಪಾಯ. ಹೆಮ್‌ಲಾಕ್, ಸ್ಪ್ರೂಸ್‌ನಂಥ ಸೂಜಿ ಎಲೆಯ ಮರ ಒಂದೇ ಸಲಕ್ಕೆ ಸಾಯಬಹುದು.

ಅಂದಹಾಗೆ, ಈ ಹುಳು ಅಮೆರಿಕಕ್ಕೆ ಹೋದದ್ದು ರೇಷ್ಮೆಯ ಆಸೆಯಿಂದ. ಎಟಿಯೆನ್ ಲಿಯೊಪೋಲ್ಡ್ ಟ್ರೂವೆಲೋ ಎಂಬ ಫ್ರೆಂಚ್ ಚಿತ್ರಕಾರ 1860ರ ದಶಕದ ಕೊನೆಯಲ್ಲಿ ಮ್ಯಾಸಚೂಸೆಟ್ಸ್‌ನ ಮೆಡ್‌ಫರ್ಡ್‌ನ ತನ್ನ ಮನೆಯಲ್ಲಿ ಸಾಕಲು ತಂದದ್ದು ತಪ್ಪಿಸಿಕೊಂಡಿತು. 1889ರ ಹೊತ್ತಿಗೆ ಅದೇ ಊರಿನಲ್ಲಿ ಮರಗಳು ಬೋಳಾಗಿ ಮನೆಗೋಡೆಗಳ ಮೇಲೆಲ್ಲ ಹುಳು ಹರಿದಾಡಿದವು. ಇದು ಮುನ್ನೂರಕ್ಕೂ ಹೆಚ್ಚು ಜಾತಿಯ ಗಿಡಮರಗಳನ್ನು ತಿನ್ನುತ್ತದೆ. 1981ರ ಒಂದೇ ವರ್ಷದಲ್ಲಿ ಸುಮಾರು 1.29 ಕೋಟಿ ಎಕರೆ ಕಾಡು ಬೋಳಾಯಿತು. ತಮ್ಮನ ರಾಜ್ಯವೇ ಈ ಕಥೆಯ ಹುಟ್ಟೂರು.

ಜಾಗದ ಹೆಸರಿನ ವಿಷಯದಲ್ಲಿ ‘ಏಷ್ಯನ್ ಜೈಂಟ್ ಹಾರ್ನೆಟ್’ ಪ್ರಕರಣ ಇದಕ್ಕಿಂತ ಸ್ವಾರಸ್ಯಕರ. ವೆಸ್ಪಾ ಮ್ಯಾಂಡರೀನಿಯಾ ಎಂಬ ಈ ದೈತ್ಯ ಕಣಜ 2019ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲೂ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲೂ ಕಾಣಿಸಿಕೊಂಡಿತು, 2020ರಲ್ಲಿ ಪತ್ರಿಕೆಗಳು ಅದಕ್ಕೆ ‘ಕೊಲೆಗಡುಕ ಕಣಜ’ ಎಂದು ಹೆಸರಿಟ್ಟವು. ಕೊರೋನಾ ಕಾಲದಲ್ಲಿ ಅಲ್ಲಿ ಏಷ್ಯಾ ಮೂಲದವರ ಮೇಲೆ ಹಲ್ಲೆಗಳು ನಡೆಯುತ್ತಿದ್ದವು, ಬದಲಾವಣೆಗೆ ಅದೂ ಒಂದು ಕಾರಣ. ಆದರೆ ಆ ಕಾರಣ ಇಲ್ಲದಿದ್ದರೂ ಹೆಸರು ಬದಲಾಗಬೇಕಿತ್ತು. ವೆಸ್ಪಾ ಕುಲದಲ್ಲಿ ಸುಮಾರು 22 ಪ್ರಭೇದಗಳಿವೆ, ಏಷ್ಯಾ ಅವುಗಳ ತವರು. ಎಲ್ಲವೂ ಏಷ್ಯಾದವೇ ಆಗಿರುವಾಗ ಒಂದನ್ನು ‘ಏಷ್ಯನ್’ ಎಂದರೆ ಹೇಳಿದ್ದೇನು? ಸಾಲದ್ದಕ್ಕೆ ಯುರೋಪಿನಲ್ಲಿ ಜೇನುಗಳನ್ನು ಹಿಡಿದು ತಿನ್ನುವ ಬೇರೊಂದು ಪ್ರಭೇದ, ವೆಸ್ಪಾ ವೆಲುಟಿನಾಕ್ಕೆ ‘ಏಷ್ಯನ್ ಹಾರ್ನೆಟ್’ ಎನ್ನುತ್ತಾರೆ. ಎರಡು ಖಂಡಗಳ ಜನ ಒಂದೇ ಹೆಸರಿನಲ್ಲಿ ಎರಡು ಕೀಟಗಳ ಬಗ್ಗೆ ಮಾತಾಡುತ್ತಿದ್ದರು. 2022ರ ಜುಲೈನಲ್ಲಿ ಮ್ಯಾಂಡರೀನಿಯಾ ‘ನಾರ್ದರ್ನ್ ಜೈಂಟ್ ಹಾರ್ನೆಟ್’ ಆಯಿತು, ಅದರ ಹತ್ತಿರದ ಸಂಬಂಧಿ ವೆಸ್ಪಾ ಸೊರೊರ್ ‘ಸದರ್ನ್’ ಆಯಿತು. 2024ರ ಡಿಸೆಂಬರ್‌ನಲ್ಲಿ ಅಮೆರಿಕದಿಂದ ಅದರ ನಿರ್ಮೂಲನೆಯಾಗಿದೆ ಎಂದು ಘೋಷಿಸಿದರು. ಆ ಘೋಷಣೆ ಹೊಸ ಹೆಸರಿನಲ್ಲೇ ಆಯಿತು.

ಊರಿನ ಹೆಸರಿಟ್ಟರೆ ಅದು ಸುಳ್ಳಾಗುವ ಸಂಭವವೂ ಇದೆ. ನಮ್ಮ ಅಡುಗೆಮನೆಗಳಲ್ಲಿ ಓಡಾಡುವ ‘ಜರ್ಮನ್ ಜಿರಲೆ’ಯ ಮೂಲ ಜರ್ಮನಿ ಅಲ್ಲ. 2024ರಲ್ಲಿ ಬಂದ ಜೀನೋಮ್ ಅಧ್ಯಯನ ಅದು ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಕಡೆ ಹುಟ್ಟಿಕೊಂಡದ್ದು ಎಂದು ತೋರಿಸಿತು. ‘ಅಮೆರಿಕನ್ ಜಿರಲೆ’ ಆಫ್ರಿಕಾದಿಂದ ಬಂದದ್ದು.

ಹಡಗುಗಳ ವಿಷಯದಲ್ಲಿ ಹೊಸ ಹೆಸರು ಹಳೆಯದಕ್ಕಿಂತ ಹೆಚ್ಚು ಮಾಹಿತಿ ಕೊಡುತ್ತದೆ. ನಿಮ್ಮ ಕೀಟದ ಏಷ್ಯಾ ತಳಿಗಳಲ್ಲಿ ಹೆಣ್ಣೂ ಹಾರುತ್ತದೆ, ಬಂದರಿನ ದೀಪಗಳಿಗೆ ಮುತ್ತಿ ಹಡಗಿನ ಮೈಮೇಲೆ ಮೊಟ್ಟೆ ಇಡುತ್ತದೆ. ಆದ್ದರಿಂದ ಹಾರಾಟದ ಕಾಲದಲ್ಲಿ ಜಪಾನ್, ಕೊರಿಯಾ, ಚೀನಾ, ರಷ್ಯಾದ ಪೂರ್ವದ ಬಂದರುಗಳಿಗೆ ಹೋದ ಹಡಗು ಅಮೆರಿಕ, ಕೆನಡಾಕ್ಕೆ ಬರುವಾಗ ತಪಾಸಣೆಯ ಪ್ರಮಾಣಪತ್ರ ತೋರಿಸಬೇಕು. ಹಿಂದೆ ಇದು ‘ಏಷ್ಯನ್ ಜಿಪ್ಸಿ ಮಾತ್’ ಪ್ರಮಾಣಪತ್ರವಾಗಿತ್ತು. ಈಗ ‘ಫ್ಲೈಟೆಡ್ ಸ್ಪಾಂಜಿ ಮಾತ್ ಕಾಂಪ್ಲೆಕ್ಸ್’, ಅಂದರೆ ಹೆಣ್ಣೂ ಹಾರುವ ಐದು ತಳಿ-ಪ್ರಭೇದಗಳ ಗುಂಪು. ಅಪಾಯದ ಕಾರಣ ಹೆಸರಿನಲ್ಲೇ ಬಂತು. ಉಚ್ಚರಿಸಲು ಕಷ್ಟ ಎಂಬುದನ್ನು ಮಾತ್ರ ಒಪ್ಪಬೇಕು.

ಹಾಗಾದರೆ ವೈಜ್ಞಾನಿಕ ಹೆಸರುಗಳಲ್ಲಿರುವ ಆಕ್ಷೇಪಾರ್ಹ ಪದಗಳು? ಅಲ್ಲಿ ಕಥೆಯೇ ಬೇರೆ. ಸ್ಲೊವೇನಿಯಾದ ಗುಹೆಯ ಒಂದು ಕುರುಡು ಜೀರುಂಡೆಗೆ 1937ರಲ್ಲಿ ಅನಾಫ್ತಾಲ್ಮಸ್ ಹಿಟ್ಲೆರಿ ಎಂದು ಹೆಸರಿಟ್ಟರು, ಇಂದಿಗೂ ಅದೇ ಹೆಸರು. ನಾಜಿ ವಸ್ತುಗಳನ್ನು ಸಂಗ್ರಹಿಸುವವರು ಆ ಹೆಸರಿಗಾಗಿಯೇ ಅದನ್ನು ದುಡ್ಡು ಕೊಟ್ಟು ಕೊಳ್ಳುವುದರಿಂದ ಪಾಪದ ಜೀರುಂಡೆಯ ಸಂತತಿಗೇ ಸಂಚಕಾರ. ಪ್ರಾಣಿನಾಮಗಳ ಆಯೋಗ ನೈತಿಕ ಕಾರಣಕ್ಕೆ ವೈಜ್ಞಾನಿಕ ಹೆಸರು ಬದಲಾಯಿಸಲು ಒಪ್ಪುವುದಿಲ್ಲ, 2023ರಲ್ಲಿ ಇದನ್ನು ಮತ್ತೆ ಸ್ಪಷ್ಟಪಡಿಸಿತು. ಸಸ್ಯಶಾಸ್ತ್ರಜ್ಞರು ಸ್ವಲ್ಪ ಸಡಿಲಿಸಿದ್ದಾರೆ. 2024ರಲ್ಲಿ ಮ್ಯಾಡ್ರಿಡ್‌ನಲ್ಲಿ ಮತ ಹಾಕಿ, ಆಫ್ರಿಕಾದ ಕಪ್ಪು ಜನರಿಗೆ ಬೈಗುಳವಾಗಿರುವ ಪದದಿಂದ ಬಂದ ‘ಕಾಫ್ರಾ’ ಎಂಬುದನ್ನು ‘ಆಫ್ರಾ’ ಎಂದು ಮಾಡಿದರು. ನಮ್ಮ ಹಾಲಿವಾಣದ ಕುಲದ ಒಂದು ಮರವೂ ಅದರಲ್ಲಿ ಸೇರಿದೆ. ವೈಜ್ಞಾನಿಕ ಹೆಸರು ಸುಲಭಕ್ಕೆ ಅಲುಗದೆ ಇರುವುದರಿಂದಲೇ ಬಳಕೆಯ ಹೆಸರನ್ನು ಧೈರ್ಯವಾಗಿ ಬದಲಾಯಿಸಬಹುದು. ಡಿಸ್ಪಾರ್ ಇರುವವರೆಗೆ ಯಾವ ದಾಖಲೆಯೂ ಕಳೆದುಹೋಗುವುದಿಲ್ಲ.

ಈಗ ನಮ್ಮ ಕಡೆ. ಲೈಮ್ಯಾಂಟ್ರಿಯಾ ಡಿಸ್ಪಾರ್ ಕರ್ನಾಟಕದ ಪೀಡೆಯಲ್ಲ. ಮಗಳ ಪುಸ್ತಕದಲ್ಲಿ ‘ಇಂಡಿಯನ್ ಜಿಪ್ಸಿ ಮಾತ್’ ಎಂದೂ ಇದ್ದರೆ ಅದು ಲೈಮ್ಯಾಂಟ್ರಿಯಾ ಅಬ್‌ಫಸ್ಕೇಟಾ, ಕಾಶ್ಮೀರ, ಹಿಮಾಚಲದ ಸೇಬು, ವಿಲ್ಲೋ, ಪಾಪ್ಲರ್ ಮರಗಳ ಹುಳು. ಬೇರೆಯೇ ಪ್ರಭೇದ. ಅಮೆರಿಕದವರು ಡಿಸ್ಪಾರ್ ಹೆಸರು ಬದಲಾಯಿಸಿದ ಮಾತ್ರಕ್ಕೆ ಇದರ ಹೆಸರು ತಾನಾಗಿ ‘ಇಂಡಿಯನ್ ಸ್ಪಾಂಜಿ ಮಾತ್’ ಆಗುವುದಿಲ್ಲ. ಆದರೆ ರೋಮಾ ಜನರ ಪೂರ್ವಿಕರ ನಾಡಿನಲ್ಲಿ ಕುಳಿತು ಆ ಪದವನ್ನು ‘ಇಂಡಿಯನ್’ ಸೇರಿಸಿ ಪೀಡೆಗೆ ಅಂಟಿಸಿಕೊಂಡಿರುವುದು ಚಂದವಾಗಿಲ್ಲ ಎಂದು ನಮಗನ್ನಿಸುತ್ತದೆ. ನಮ್ಮಲ್ಲೇ ಇನ್ನೊಂದು ಇದೆ: ಸೂರ್ಯಕಾಂತಿ, ಹಿಪ್ಪುನೇರಳೆಗೆ ಬೀಳುವ ಕಂಬಳಿಹುಳುವಿಗೆ ಇಂಗ್ಲಿಷ್ ಪಠ್ಯಗಳಲ್ಲಿ ‘ಬಿಹಾರ್ ಹೇರಿ ಕ್ಯಾಟರ್‌ಪಿಲ್ಲರ್’ ಎಂದು ಹೆಸರು. ಅದು ದೇಶದ ಬಹುಭಾಗದಲ್ಲಿದೆ, ಬಿಹಾರದ ತಪ್ಪೇನೂ ಇಲ್ಲ.

ಕನ್ನಡದ ರೈತರ ಹೆಸರುಗಳು ಈ ವಿಷಯದಲ್ಲಿ ಎಷ್ಟೋ ವಾಸಿ. ಕಾಂಡಕೊರಕ, ಕಾಯಿಕೊರಕ, ಹಿಟ್ಟು ತಿಗಣೆ, ಜಿಗಿಹುಳು, ಕೆಂಪು ಕಂಬಳಿಹುಳು: ಹುಳು ಏನು ಮಾಡುತ್ತದೆ, ಹೇಗಿದೆ ಎಂಬುದೇ ಹೆಸರು. ತೊಂದರೆ ಇರುವುದು ಒಂದೇ ಹೆಸರಿಗೆ ಹಲವು ಕೀಟ ಸೇರಿಕೊಳ್ಳುವುದರಲ್ಲಿ. ಮೆಣಸಿನ ಗಿಡದಲ್ಲಿ ಥ್ರಿಪ್ಸ್‌ಗೂ ನುಸಿ ಎನ್ನುತ್ತೇವೆ, ಮೈಟ್‌ಗೂ ನುಸಿ ಎನ್ನುತ್ತೇವೆ. ಥ್ರಿಪ್ಸ್ ಆದರೆ ಎಲೆಯ ಅಂಚು ಮೇಲಕ್ಕೆ ಮುದುಡುತ್ತದೆ, ಮೈಟ್ ಆದರೆ ಕೆಳಕ್ಕೆ. ಮೈಟ್ ಕೀಟವೇ ಅಲ್ಲ, ಜೇಡದ ವರ್ಗದ್ದು, ಅದಕ್ಕೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 3 ಗ್ರಾಂ ಸಾಕಾಗಬಹುದು. ಥ್ರಿಪ್ಸ್‌ನ ಎಷ್ಟೋ ಔಷಧಿಗಳಿಗೆ ಮೈಟ್ ಜಗ್ಗುವುದಿಲ್ಲ. ‘ನುಸಿಗೆ ಔಷಧಿ ಕೊಡಿ’ ಎಂದು ಅಂಗಡಿಯಲ್ಲಿ ಕೇಳಿದವನ ಕೈಗೆ ಯಾವ ಬಾಟಲಿ ಬರುತ್ತದೆ ಎಂಬುದು ಅವನ ಅದೃಷ್ಟ. 2018ರಲ್ಲಿ ದೇಶದಲ್ಲೇ ಮೊದಲು ಕರ್ನಾಟಕದ ಮೆಕ್ಕೆಜೋಳದಲ್ಲಿ ದಾಖಲಾದ ಫಾಲ್ ಆರ್ಮಿವರ್ಮ್‌ಗೆ ‘ಸೈನಿಕ ಹುಳು’ ಎಂದು ಹೆಸರಿಟ್ಟಾಗಲೂ ಹೀಗೇ ಆಯಿತು, ಆ ಹೆಸರು ಮೊದಲೇ ಮಿಥಿಮ್ನಾ ಸೆಪರೇಟಾ ಎಂಬ ಬೇರೊಂದು ಹುಳುವಿನದಾಗಿತ್ತು. ತಲೆಯ ಮೇಲೆ ತಲೆಕೆಳಗಾದ ‘ವೈ’, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ ಕಂಡರೆ ಹೊಸದು. ರೈತರು ಲದ್ದಿ ಹುಳು ಎನ್ನುತ್ತಾರೆ, ಸುಳಿ ಬಿಡಿಸಿದವರಿಗೆಲ್ಲ ಆ ಲದ್ದಿ ಕಾಣುತ್ತದೆ.

ಆದ್ದರಿಂದ ಡಿಸ್ಪಾರ್‌ಗೆ ಕನ್ನಡದಲ್ಲಿ ‘ಜಿಪ್ಸಿ ಪತಂಗ’ ಬೇಡ, ‘ಅಲೆಮಾರಿ ಪತಂಗ’ ಅಂತೂ ಬೇಡವೇ ಬೇಡ, ಅದು ಅದೇ ಗಾಯವನ್ನು ನಮ್ಮ ಅಲೆಮಾರಿ ಸಮುದಾಯಗಳಿಗೆ ದಾಟಿಸಿದಂತೆ. ‘ಸ್ಪಾಂಜಿ ಪತಂಗ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಪರೀಕ್ಷೆಯಲ್ಲಿ ಮಗಳು ಬರೆಯಬೇಕಾದದ್ದು: ಮೊದಲ ಸಲ ಬಂದಾಗ ‘ಸ್ಪಾಂಜಿ ಮಾತ್, ಹಿಂದಿನ ಹೆಸರು ಜಿಪ್ಸಿ ಮಾತ್, ಲೈಮ್ಯಾಂಟ್ರಿಯಾ ಡಿಸ್ಪಾರ್, ಲೆಪಿಡಾಪ್ಟೆರಾ, ಎರೆಬಿಡೇ’ ಎಂದು ಒಮ್ಮೆ ಬರೆದು, ಆಮೇಲೆ ಹೊಸ ಹೆಸರನ್ನೇ ಬಳಸಲಿ. ಮೌಲ್ಯಮಾಪಕರ ಕೈಯಲ್ಲಿ ಹಳೆಯ ಉತ್ತರಸೂಚಿ ಇದ್ದರೂ ಅಂಕ ಹೋಗುವುದಿಲ್ಲ. ಅವಳ ಪುಸ್ತಕದಲ್ಲಿ ಕುಟುಂಬ ಲೈಮ್ಯಾಂಟ್ರಿಡೇ ಎಂದಿರಬಹುದು, ಅದೂ ಹಳೆಯದಾಯಿತು. ಈಗ ಅದು ಎರೆಬಿಡೇ ಒಳಗಿನ ಉಪಕುಟುಂಬ. ಕುಟುಂಬದ ಹೆಸರೇ ಹೋದಾಗ ಸಾರ್ವಜನಿಕರು ಯಾರೂ ಗಲಾಟೆ ಮಾಡಲಿಲ್ಲ ಎಂಬುದನ್ನು ಗಮನಿಸಿ.

ಹಳೆಯ ಪ್ರಬಂಧ, ವರದಿಗಳ ಶೀರ್ಷಿಕೆಯನ್ನು ಉಲ್ಲೇಖಿಸುವಾಗ ಮುದ್ರಿತವಾಗಿರುವಂತೆಯೇ ಬರೆಯಬೇಕು, ತಿದ್ದಬಾರದು. ತಿದ್ದಿದರೆ ಮುಂದಿನವರು ಹುಡುಕಿದಾಗ ಸಿಗುವುದಿಲ್ಲ. ಔಷಧಿಯ ವ್ಯಾಪಾರನಾಮ, ಆ ಕಾಲದ ಕಾನೂನು, ಯೋಜನೆಗಳ ಹೆಸರುಗಳೂ ಹಾಗೆಯೇ. ಸಾಹಿತ್ಯ ಹುಡುಕುವಾಗ ಹೊಸ ಹೆಸರೊಂದನ್ನೇ ಹಾಕಿದರೆ 2022ರ ಈಚಿನದು ಮಾತ್ರ ಸಿಗುತ್ತದೆ. ‘ಜಿಪ್ಸಿ’ಯ ಎರಡೂ ಇಂಗ್ಲಿಷ್ ಕಾಗುಣಿತಗಳನ್ನು, ಅಂದರೆ ಮೊದಲ ಸ್ವರ ‘ವೈ’ ಇರುವುದನ್ನೂ ‘ಐ’ ಇರುವುದನ್ನೂ ಹಾಕಬೇಕು. ಕುಲದ ಹೆಸರೂ ಬದಲಾಗುತ್ತ ಬಂದಿರುವುದರಿಂದ ಆಕ್ನೇರಿಯಾ ಡಿಸ್ಪಾರ್, ಪೊರ್ಥೀಟ್ರಿಯಾ ಡಿಸ್ಪಾರ್, ಲೈಮ್ಯಾಂಟ್ರಿಯಾ ಡಿಸ್ಪಾರ್ ಮೂರನ್ನೂ ಕೊಡಬೇಕು. ಮ್ಯಾಸಚೂಸೆಟ್ಸ್‌ನ 1896ರ ದೊಡ್ಡ ವರದಿ ಪೊರ್ಥೀಟ್ರಿಯಾ ಹೆಸರಿನಲ್ಲೇ ಇದೆ, ಉಳಿದ ಎರಡರಲ್ಲಿ ಹುಡುಕಿದರೆ ಅದು ಕೈತಪ್ಪುವ ಸಾಧ್ಯತೆ ಹೆಚ್ಚು.